ಆರ್‌ಎನ್‌ಎ ಚೆನ್ನಾಗಿದೆ, ಕ್ಯೂಪಿಸಿಆರ್ ಮಾತ್ರ ಏಳುತ್ತಿಲ್ಲ, ಯಾಕೆ?

ಪ್ರಶ್ನೆ (ದೇರಳಕಟ್ಟೆ): ಸರ್, ಐಬಿಡಿಯಿಂದ (ಕರುಳಿನ ದೀರ್ಘ ಉರಿಯೂತದಿಂದ) ಕ್ಯಾನ್ಸರ್ ಹುಟ್ಟುವ ಬಗೆ ನೋಡಲು ಇಲಿಗಳಿಗೆ ಎಒಎಂ (ಕ್ಯಾನ್ಸರ್ ತರುವ ಅಝಾಕ್ಸಿಮೀಥೇನ್) ಕಿಲೋಗೆ 10 ಮಿ.ಗ್ರಾಂ. ಒಂದೇ ಇಂಜೆಕ್ಷನ್. ಆಮೇಲೆ ಕುಡಿಯುವ ನೀರಲ್ಲಿ 2.5% ಡಿಎಸ್‌ಎಸ್ (ಕರುಳಲ್ಲಿ ಉರಿಯೂತ ತರುವ ಡೆಕ್ಸ್‌ಟ್ರಾನ್ ಸೋಡಿಯಂ ಸಲ್ಫೇಟ್) 5 ದಿನ, ಬರೀ ನೀರು 14 ದಿನ, ಹೀಗೆ ಮೂರು ಸುತ್ತು. ಕೊನೆಯ ಡಿಎಸ್‌ಎಸ್ ಮುಗಿದ ಮರುದಿನ ತೆಗೆದ ದೊಡ್ಡಕರುಳಿನ ಆರ್‌ಎನ್‌ಎ 260/280 ಅನುಪಾತ (ಬೆಳಕು ಹೀರುವುದನ್ನು ಅಳೆದು ಶುದ್ಧತೆ ಹೇಳುವ ಅಂಕಿ) 2.0. ಆದರೂ ಕ್ಯೂಪಿಸಿಆರ್‌ನಲ್ಲಿ (ಜೀನಿನ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಹೋಲಿಕೆಗೆ ಇಟ್ಟ, ಸದಾ ಸಿಗುವ ಜೀನ್ ಜಿಎಪಿಡಿಎಚ್ ಕೂಡ ಸಿಟಿ (ಸಿಗ್ನಲ್ ಕಾಣಿಸುವ ಸುತ್ತಿನ ಸಂಖ್ಯೆ, ಹೆಚ್ಚಿದಷ್ಟೂ ಸಿಗ್ನಲ್ ಕಡಿಮೆ) 35 ದಾಟುತ್ತದೆ. ಬರೀ ನೀರು ಕುಡಿದ ಇಲಿಗಳದ್ದು ಸರಿಯಾಗಿಯೇ ಬರುತ್ತಿದೆ.

ಉತ್ತರ: ಕಿಟ್ ಬದಲಿಸಿ ದುಡ್ಡು ಕಳೆಯಬೇಡಿ. ಡಿಎಸ್‌ಎಸ್ ಆರ್‌ಎನ್‌ಎ ಜೊತೆಗೇ ಬಂದುಬಿಟ್ಟಿದೆ; ಅದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸನ್ನೂ (ಆರ್‌ಎನ್‌ಎಯನ್ನು ಡಿಎನ್‌ಎ ಪ್ರತಿಯಾದ ಸಿಡಿಎನ್‌ಎ ಮಾಡುವ ಕಿಣ್ವ) ಪಿಸಿಆರನ್ನೂ ತಡೆಯುತ್ತದೆ. 260 ನ್ಯಾನೋಮೀಟರ್ ಬೆಳಕಿನಲ್ಲಿ ಅದು ಕಾಣುವುದಿಲ್ಲ, ಹಾಗಾಗಿ 2.0 ನೋಡಿ ಮೋಸಹೋಗುತ್ತೇವೆ. ಖಚಿತವಾಗಬೇಕಾದರೆ ನೀರಿನ ಇಲಿಯ ಆರ್‌ಎನ್‌ಎಗೆ ಈ ಆರ್‌ಎನ್‌ಎ 1 ಮೈಕ್ರೋಲೀಟರ್ ಬೆರೆಸಿ ಸಿಡಿಎನ್‌ಎ ಮಾಡಿ. ಸಿಟಿ ಮೇಲೇರಿದರೆ ಕಳ್ಳ ಸಿಕ್ಕಿದ.

ಪರಿಹಾರ ಲಿಥಿಯಂ ಕ್ಲೋರೈಡ್. 8 ಮೋಲಾರ್ ದ್ರಾವಣ ಆರ್‌ಎನ್‌ಎಯ ಹತ್ತನೇ ಒಂದು ಪಾಲು ಹಾಕಿ, ಐಸ್ ಮೇಲೆ 2 ಗಂಟೆ ಇಡಿ. ಸೆಂಟ್ರಿಫ್ಯೂಜಲ್ಲಿ 4 ಡಿಗ್ರಿಯಲ್ಲಿ 14,000 ಜಿಗೆ 30 ನಿಮಿಷ ತಿರುಗಿಸಿ, ಮೇಲಿನ ದ್ರವ ಚೆಲ್ಲಿ, ತಳದಲ್ಲಿ ಕೂತ ಆರ್‌ಎನ್‌ಎ ಪೆಲೆಟ್ಟನ್ನು ನೀರಲ್ಲಿ ಕರಗಿಸಿ ಇನ್ನೊಮ್ಮೆ ಇದೇ ಮಾಡಿ. ಎರಡನೇ ಸಲ ಬಿಟ್ಟರೆ ಕೆಲಸ ಅರ್ಧ. ಕೊನೆಗೆ ಸೋಡಿಯಂ ಅಸಿಟೇಟ್, ಎಥನಾಲ್ ಹಾಕಿ ಇಳಿಸಿ, 70% ಎಥನಾಲಲ್ಲಿ ತೊಳೆಯಿರಿ. ಆರ್‌ಎನ್‌ಎ ತೆಳುವಾಗಿದ್ದರೆ ಪೆಲೆಟ್ಟೇ ಕೂರುವುದಿಲ್ಲ. ಮೈಕ್ರೋಆರ್‌ಎನ್‌ಎ (ಬಹಳ ಚಿಕ್ಕ ಆರ್‌ಎನ್‌ಎ) ಬೇಕಿದ್ದವರಿಗೆ ಈ ದಾರಿ ಬೇಡ, ಸಣ್ಣವು ಇಳಿಯದೆ ಮೇಲಿನ ನೀರಲ್ಲೇ ಉಳಿಯುತ್ತವೆ.

ಪ್ರಶ್ನೆ (ಮಣಿಪಾಲ): ಮೇ ತಿಂಗಳ ಬ್ಯಾಚಲ್ಲಿ ಡಿಎಸ್‌ಎಸ್ ಕುಡಿದ ಇಲಿಗಳ ತೂಕ ಚೆನ್ನಾಗಿ ಇಳಿದಿತ್ತು. ಈಗ ಅದೇ ಬಾಟಲಿ, ಅದೇ 2.5%, ಇಲಿಗಳು ಮಾತ್ರ ಗಟ್ಟಿಮುಟ್ಟು!

ಉತ್ತರ: ಆಟಿ ತಿಂಗಳ ಮಳೆಯಲ್ಲಿ ಮುಚ್ಚಳ ತೆರೆದಿಟ್ಟ ಹಪ್ಪಳದ ಡಬ್ಬಿ ನೆನಪಿಸಿಕೊಳ್ಳಿ. ಡಿಎಸ್‌ಎಸ್ ಪುಡಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀವು ತೂಗಿದ 2.5 ಗ್ರಾಂನಲ್ಲಿ ನೀರೂ ಸೇರಿದೆ. ಡೆಸಿಕೇಟರಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆ) ಇಡಿ, ಗಂಟು ಕಟ್ಟಿದ ಪುಡಿ ತೂಗಬೇಡಿ. ಅಣುತೂಕ 36,000–50,000ದ್ದೇ ಇರಲಿ. ಲಾಟ್ (ಕಂಪನಿಯ ತಯಾರಿಕೆಯ ಕಂತು) ಬದಲಾದರೆ ನಾಲ್ಕೈದು ಇಲಿಗಳಲ್ಲಿ ಮೊದಲು ಪ್ರಮಾಣ ಪರೀಕ್ಷಿಸಿ. ಪ್ರತಿ ಪಂಜರ ಎಷ್ಟು ನೀರು ಕುಡಿಯಿತು ಎಂದು ದಿನಾ ಬರೆಯಿರಿ, ಬಾಟಲಿ ಸೋರಿದ್ದೂ ಅದರಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ (ದೇರಳಕಟ್ಟೆ): ಥ್ಯಾಂಕ್ಸ್ ಸರ್. ಇದೇ ಗೆಡ್ಡೆಗಳಲ್ಲಿ ಪಿ53 (ಕ್ಯಾನ್ಸರ್ ತಡೆಯುವ ಜೀನ್) ನೋಡಬಹುದಾ?

ಉತ್ತರ: ನೋಡಬಹುದು, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಮನುಷ್ಯರ ಕೊಲೈಟಿಸ್ ಕ್ಯಾನ್ಸರಲ್ಲಿ ಪಿ53 ಮೊದಲೇ ಕೆಡುತ್ತದೆ, ಇನ್ನೊಂದು ತಡೆ ಜೀನ್ ಎಪಿಸಿ ತಡವಾಗಿ. ಎಒಎಂ ಗೆಡ್ಡೆ ಶುರುವಾಗುವುದೇ ಬೀಟಾ-ಕೆಟೆನಿನ್‌ನಿಂದ (ಕೋಶ ಬೆಳೆಯಲು ಹೇಳುವ ಪ್ರೋಟೀನ್). ಉರಿಯೂತದ ಸಂಕೇತ ಸಾಗಿಸುವ ಐಎಲ್-6, ಸ್ಟ್ಯಾಟ್3 ಪ್ರೋಟೀನ್‌ಗಳ ದಾರಿ ಅಭ್ಯಾಸ ಮಾಡಲು ಈ ಮಾದರಿ ಒಳ್ಳೆಯದು. ಪಿ53 ಕಥೆಗೆ ಬೇರೆ ಇಲಿ ಬೇಕು.