ಸಹಾಯ ಬೇಕು: ಹರಾಜಿನಲ್ಲಿ ಕೊಂಡ ಫಲಕವನ್ನು ಕೈಗೆ ಕೊಡಲು ಒಪ್ಪುತ್ತಿಲ್ಲ

ನಮಸ್ಕಾರ. ನಾನು ಮಂಡ್ಯದವನು. ಆನ್‌ಲೈನ್ ಹರಾಜಿನಲ್ಲಿ ಮೈಸೂರಿನವರೊಬ್ಬರಿಂದ ಬೀಟೆ ಮರದ ಇನ್‌ಲೇ ಕೆಲಸದ (ಮರದಲ್ಲಿ ಚೂರುಗಳನ್ನು ಕೂರಿಸಿ ಚಿತ್ರ ಮಾಡಿದ) ಹಳೆಯ ಫಲಕವೊಂದನ್ನು ಕೊಂಡು ಪೂರ್ತಿ ಹಣ ಕಟ್ಟಿದ್ದೇನೆ. ವಿವರಣೆಯಲ್ಲಿ ‘ಖುದ್ದಾಗಿ ಬಂದು ಒಯ್ಯಬಹುದು’ ಎಂದಿತ್ತು. ಅದನ್ನು ನಂಬಿಯೇ ನಾನು ಹರಾಜು ಕೂಗಿದ್ದು. ಈಗ ಅವರು ಕೊರಿಯರ್‌ನಲ್ಲಿ ಮಾತ್ರ ಕಳಿಸುತ್ತೇನೆ, ಪ್ಯಾಕಿಂಗ್ ಮತ್ತು ಸಾಗಣೆಗೆ ಇನ್ನೂ 900 ರೂಪಾಯಿ ಹಾಕಿ ಎಂದು ಪಟ್ಟು ಹಿಡಿದಿದ್ದಾರೆ. ಹರಾಜಿನ ಫೋಟೊದಲ್ಲಿ ನೋಡಿದರೆ ಫಲಕದ ಮೇಲಿನ ಆನೆಯ ಸೊಂಡಿಲಿನ ಬಳಿ ಒಂದು ಚೂರು ಆಗಲೇ ಮೇಲೆದ್ದಿರುವುದು ಕಾಣುತ್ತದೆ. ಎತ್ತಿ ಹಾಕುವವರ ಕೈಯಲ್ಲಿ ಅದು ಉಳಿಯುತ್ತದೆಯೇ? ಮೈಸೂರೇನು ನಮಗೆ ದೂರವೇ, ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಜೋಪಾನವಾಗಿ ತಂದುಬಿಡುತ್ತೇನೆ!

ಬರೆದೆ, ಕರೆ ಮಾಡಿದೆ, ಉತ್ತರ ಅದೇ. ಹರಾಜು ತಾಣದವರು ನೀವಿಬ್ಬರೇ ಬಗೆಹರಿಸಿಕೊಳ್ಳಿ ಎಂದು ಕೈತೊಳೆದುಕೊಂಡರು. 1930ರ ಸರಕು ಮಾರಾಟ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಮಾರಾಟದ ವೇಳೆ ಸರಕು ಎಲ್ಲಿತ್ತೋ ಅಲ್ಲಿಯೇ ಕೊಡಬೇಕು. ನ್ಯಾಯ ನನ್ನ ಕಡೆಗಿದೆ ಎಂದೇ ನನ್ನ ನಂಬಿಕೆ. ಆದರೆ ಮಾರಿದವರು ಅಂಗಡಿಯವರಲ್ಲ, ಮನೆಯ ವಸ್ತು ಮಾರಿದ ಖಾಸಗಿ ವ್ಯಕ್ತಿ. ಗೊಂದಲ ಇರುವುದು ಇಲ್ಲಿಯೇ.

ಹೀಗಿರುವಾಗ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಬರುತ್ತದೆಯೇ? ಕೊಡುವುದಾದರೆ ಮಾರಿದವರ ಮೇಲೋ, ತಾಣದ ಮೇಲೋ? ಅಥವಾ ವಕೀಲರ ನೋಟಿಸ್ ಒಂದೇ ದಾರಿಯೇ? ತಿಳಿದವರು ದಯವಿಟ್ಟು ಹೇಳಿ.