ಪ್ಲೇಸ್ಟೇಶನ್ 5 (ಪಿಎಸ್5) ಗೇಮ್ ಕನ್ಸೋಲಿನಲ್ಲಿ ಹಳೇ ಹೆಸರುಗಳದ್ದೇ ಮೆರವಣಿಗೆ: ಸೋನಿ ಕಂಪೆನಿಯವರಿಗೆ ಹೊಸ ಸರಕು ಇಲ್ವಾ?

ಕುಂಬಳೆ_ಡಿಸ್ಕ್
ಒಂದು ಲೆಕ್ಕ ನೋಡಿ. ‘ದಿ ಲಾಸ್ಟ್ ಆಫ್ ಅಸ್’ ಆಟ ಪಿಎಸ್3ಕ್ಕೆ ಬಂದದ್ದು 2013ರಲ್ಲಿ. ಮರುವರ್ಷ ಪಿಎಸ್4ಕ್ಕೆ ರಿಮಾಸ್ಟರ್, ಅಂದ್ರೆ ಅದೇ ಆಟಕ್ಕೆ ಪಾಲಿಶ್ ಮಾಡಿದ ಆವೃತ್ತಿ. 2022ರಲ್ಲಿ ಪಿಎಸ್5ಕ್ಕೆ ಪುನಃ ಮಾಡಿ 70 ಡಾಲರ್. ಎರಡನೇ ಭಾಗ 2020ರದ್ದು, ಅದಕ್ಕೂ 2024ರ ಜನವರಿಯಲ್ಲಿ ರಿಮಾಸ್ಟರ್. ‘ಹೊರೈಝನ್ ಝೀರೋ ಡಾನ್’ 2017ರದ್ದು, 2024ರ ಅಕ್ಟೋಬರಿನಲ್ಲಿ ಅದಕ್ಕೂ ಬಣ್ಣ ಬಳಿದಾಯ್ತು. ಪಿಎಸ್5 ಬಂದದ್ದು 2020ರ ನವೆಂಬರಿನಲ್ಲಿ. ‘ಲಾಸ್ಟ್ ಆಫ್ ಅಸ್’ ಮಾಡಿದ ನಾಟಿ ಡಾಗ್‌ನವರು ಅದಕ್ಕೆ ಹೊಸ ಕಥೆ ಒಂದನ್ನು ಬರೀ ಘೋಷಣೆ ಮಾಡ್ಲಿಕ್ಕೇ 2024ರ ಡಿಸೆಂಬರ್ ಆಯ್ತು. ನಾಲ್ಕು ವರ್ಷ ಎಂತ ಮಾಡ್ತಿದ್ರು?

ಅಕ್ಕಲಕೋಟ_ಪ್ಲೇಯರ್
ಹೊಸಾದು ಮಾಡಾಕ ಹೋಗಿದ್ರಲ್ರೀ. ಎರಡನೇ ಭಾಗದ ಆನ್‌ಲೈನ್ ಆಟ ವರ್ಷಗಟ್ಟಲೆ ಮಾಡಿ 2023ರ ಡಿಸೆಂಬರದಾಗ ಕೈಬಿಟ್ರು. ಸೋನಿದ ಇನ್ನೊಂದು ಆನ್‌ಲೈನ್ ಆಟ ‘ಕಾಂಕಾರ್ಡ್’ 2024ರ ಆಗಸ್ಟ್ 23ಕ್ಕ ಬಂತು, ಸೆಪ್ಟೆಂಬರ್ 6ಕ್ಕ ಬಂದ್ ಆತು, ತಗೊಂಡವರಿಗೆ ರೊಕ್ಕ ವಾಪಸ್. ಕೈ ಸುಟ್ಟಮ್ಯಾಲೆ ಹಳೇ ಒಲಿಗೇ ಬರೂದು ಸಹಜ ಅದ. ಮತ್ತ ಪಿಎಸ್4 ಡಿಸ್ಕ್ ಇದ್ದವರಿಗೆ ಹೊರೈಝನ್ ಅಪ್‌ಗ್ರೇಡ್ ಬರೇ 10 ಡಾಲರ್. ಅದನ್ನ ಸುಲಿಗೆ ಅಂತೀರೇನು?

ನೀರ್ಚಾಲಿನವ
10 ಡಾಲರ್ ಹೇಳುವಾಗ ಉಳಿದದ್ದನ್ನೂ ಹೇಳ್ಬೇಕು. ಡಿಸ್ಕ್ ಮೇಲೆ ಅಪ್‌ಗ್ರೇಡ್ ತೆಗೊಂಡ್ರೆ ಆಡುವಾಗೆಲ್ಲ ಆ ಪಿಎಸ್4 ಡಿಸ್ಕ್ ಡ್ರೈವಿನ ಒಳಗೇ ಇರ್ಬೇಕು. ಡಿಜಿಟಲ್ ಮಾದರಿಯವರಿಗೆ ಡಿಸ್ಕ್ ಇದ್ದೂ ಇಲ್ಲದ ಹಾಗೆ. ಪಿಎಸ್5 ಪ್ರೊ 2024ರ ನವೆಂಬರಿನಲ್ಲಿ ಬಂದಾಗ ಇಲ್ಲಿ ಮಾರ್ಲಿಲ್ಲ, ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ಬ್ಯಾಂಡಿಗೆ ಆಗ ಭಾರತದಲ್ಲಿ ಅನುಮತಿ ಇರ್ಲಿಲ್ಲ. ದುಬೈಯಿಂದ ತರಿಸಿಕೊಂಡವರು ಪೆಟ್ಟಿಗೆ ಬಿಚ್ಚಿ ನೋಡಿದ್ರೆ ಡ್ರೈವೇ ಇಲ್ಲ. ಅದು ಬೇರೆ 80 ಡಾಲರ್. ಸಿಕ್ಕಿಸಿದ ಮೇಲೂ ಒಂದು ಸಲ ನೆಟ್‌ಗೆ ಹಾಕಿ ಕನ್ಸೋಲಿಗೆ ಜೋಡಿ ಮಾಡದಿದ್ರೆ ಡಿಸ್ಕ್ ಓದುದಿಲ್ಲ. ಇನ್ನೊಂದು, ಅಮೇರಿಕದ ಡಿಸ್ಕಿಗೆ ಭಾರತದ ಅಕೌಂಟಿನ ಡಿಎಲ್‌ಸಿ (ಆಟಕ್ಕೆ ಆಮೇಲೆ ಡೌನ್‌ಲೋಡ್ ಮಾಡುವ ಹೆಚ್ಚುವರಿ ಭಾಗ) ಕೂಡುದಿಲ್ಲ. ಗಲ್ಫಿನಿಂದ ಸೆಕೆಂಡ್ ಹ್ಯಾಂಡ್ ಡಿಸ್ಕ್ ತರಿಸುವವರು ಕವರಿನ ಮೇಲಿನ ರೇಟಿಂಗ್ ಚಿಹ್ನೆ ನೋಡಿ. ಇಎಸ್‌ಆರ್‌ಬಿ ಇದ್ರೆ ಅಮೇರಿಕದ್ದು.

ಪೆರ್ಲ_ರಾತ್ರಿಪಾಳಿ
ಹಳೇದನ್ನೇ ಪುನಃ ಮಾಡುದು ಅಷ್ಟು ದೊಡ್ಡ ಪಾಪವಾ ಮಾರಾಯ್ರೆ? ಮೇಳದವರು ಪ್ರತಿ ವರ್ಷ ಅದೇ ಪ್ರಸಂಗ ಆಡುದಿಲ್ವಾ? ನಾವೂ ಹೋಗಿ ಬೆಳಗಿನ ವರೆಗೆ ಕೂರ್ತೇವೆ.

ಕುಂಬಳೆ_ಡಿಸ್ಕ್
ಪ್ರಸಂಗ ಹಳೇದು, ಅರ್ಥ ಹೇಳುದು ಆ ರಾತ್ರಿಯದ್ದು. ಇಲ್ಲಿ ಕಳೆದ ವರ್ಷದ ರೆಕಾರ್ಡಿಂಗ್ ಹಾಕಿ, ಲೈಟ್ ಜಾಸ್ತಿ ಮಾಡಿ, ಪುನಃ ಟಿಕೆಟ್ ಹರಿದ ಹಾಗೆ.

ಉಪ್ಪಳ_ಸೋಲ್ಡರ್
ಇಬ್ಬರೂ ತಪ್ಪು ಜಾಗದಲ್ಲಿ ಜಗಳ ಮಾಡ್ತಿದ್ದೀರಿ. ಹೊರೈಝನ್ ಪಿಎಸ್4ರದ್ದು, ರಿಮಾಸ್ಟರ್ ಇಲ್ಲದೆಯೂ ಪಿಎಸ್5ರಲ್ಲಿ ಓಡ್ತದೆ. ಎರಡರಲ್ಲೂ ಒಂದೇ ಜಾತಿಯ, ಎಎಮ್‌ಡಿಯ ಎಕ್ಸ್86 ಪ್ರೊಸೆಸರ್. ರಿಪೇರಿ ಬೇಡದ್ದನ್ನೇ ರಿಪೇರಿ ಮಾಡ್ತಿದ್ದಾರೆ. ನಿಜವಾಗಿ ಹಳೇ ಕನ್ಸೋಲಿನಲ್ಲೇ ಸಿಕ್ಕಿಹಾಕಿಕೊಂಡಿರುದು ಪಿಎಸ್3ರ ಆಟಗಳು: ‘ರೆಸಿಸ್ಟೆನ್ಸ್’ ಮೂರೂ ಭಾಗ, ‘ಕಿಲ್‌ಝೋನ್ 2’, ‘ಮೋಟರ್‌ಸ್ಟಾರ್ಮ್’, ಮೊದಲ ‘ಇನ್‌ಫೇಮಸ್’.

ಕಾರಣ ಪಿಎಸ್3ರ ಪ್ರೊಸೆಸರ್, ಸೆಲ್ ಚಿಪ್. 3.2 ಗಿಗಾಹರ್ಟ್ಸ್‌ನ ಒಂದು ಮುಖ್ಯ ಕೋರ್, ಜೊತೆಗೆ ಎಂಟು ಸಣ್ಣ ಕೋರ್. ಎಂಟರಲ್ಲಿ ಒಂದನ್ನು ಮುಚ್ಚಿಯೇ ಮಾರ್ತಿದ್ರು, ಒಂದು ಕೋರ್ ಕೆಟ್ಟ ಚಿಪ್ಪೂ ದಂಡ ಆಗ್ಬಾರದು ಅಂತ. ಇನ್ನೊಂದು ಕೋರ್ ಕನ್ಸೋಲಿನ ಸ್ವಂತ ಸಿಸ್ಟಮ್ ಕೆಲಸಕ್ಕೆ. ಆಟಕ್ಕೆ ಉಳಿದದ್ದು ಆರು. ಪ್ರತಿ ಸಣ್ಣ ಕೋರಿಗೆ 256 ಕೆಬಿ ಸ್ವಂತ ಮೆಮೊರಿ, ಅಷ್ಟೇ. ದೊಡ್ಡ ರ್ಯಾಮ್‌ನಿಂದ ಅದಕ್ಕೆ ಡೇಟಾ ತಂದು ಹಾಕುದು, ಕೆಲಸ ಆದ ಮೇಲೆ ವಾಪಸ್ ಕಳಿಸುದು, ಎಲ್ಲ ಪ್ರೋಗ್ರಾಮರ್ ಕೈಯಾರೆ ಬರೀಬೇಕು. ಸೋನಿಯ ಸ್ವಂತ ಸ್ಟುಡಿಯೋಗಳು ಆ ಆರನ್ನೂ ಪೂರ್ತಿ ಹಿಂಡಿದ್ವು. ಹಾಗಾಗಿ ಒಳ್ಳೆ ಆಟಗಳೇ ಬೇರೆ ಚಿಪ್ಪಿಗೆ ತರ್ಲಿಕ್ಕೆ ಅತಿ ಕಷ್ಟ.

ಅಕ್ಕಲಕೋಟ_ಪ್ಲೇಯರ್
ಮತ್ತ ಕಷ್ಟ ಅಂದಮ್ಯಾಲೆ ಸೋನಿದೇನು ತಪ್ಪು ಹೇಳ್ರಿ?

ಉಪ್ಪಳ_ಸೋಲ್ಡರ್
ಕಷ್ಟ ಅಂದೆ, ಆಗುದಿಲ್ಲ ಅನ್ಲಿಲ್ಲ. ಪಿಸಿಯಲ್ಲಿ ಪಿಎಸ್3 ಆಟ ಓಡಿಸುವ ಆರ್‌ಪಿಸಿಎಸ್3 ಎಮ್ಯುಲೇಟರ್ 2011ರಿಂದ ಹೊರಗಿನವರೇ ಬರೆಯುದು. ಅದಕ್ಕೆ ಬೇಕಾದ ಫರ್ಮ್‌ವೇರ್ (ಪಿಎಸ್3ರ ಸಿಸ್ಟಮ್ ಸಾಫ್ಟ್‌ವೇರ್) ಫೈಲ್ ಸೋನಿಯ ಸೈಟಿನಲ್ಲೇ ಸಿಗ್ತದೆ. ಆಟ ನಿಮ್ಮದೇ ಡಿಸ್ಕಿನಿಂದ ಎತ್ತಿಕೊಳ್ಬೇಕು, ಎಲ್ಲ ಬ್ಲೂ-ರೇ ಡ್ರೈವ್ ಪಿಎಸ್3 ಡಿಸ್ಕ್ ಓದುದಿಲ್ಲ, ಆ ಪ್ರಾಜೆಕ್ಟಿನ ಪಟ್ಟಿ ನೋಡಿಯೇ ಡ್ರೈವ್ ತೆಗೊಳ್ಳಿ. ಆರು ಕೋರಿಗಿಂತ ಕಡಿಮೆ ಇದ್ದ ಪಿಸಿಯಲ್ಲಿ ಭಾರದ ಆಟ ಎಳೆಯುದಿಲ್ಲ. ಮೊದಲ ಸಲ ಆಡುವಾಗ ಶೇಡರ್ (ಗ್ರಾಫಿಕ್ಸ್ ಬಿಡಿಸುವ ಸಣ್ಣ ಪ್ರೋಗ್ರಾಮ್) ಕಂಪೈಲ್ ಆಗುವಲ್ಲೆಲ್ಲ ತಡವರಿಸ್ತದೆ, ಅದಕ್ಕೆ ಗಾಬರಿ ಬೇಡ.

ನೀರ್ಚಾಲಿನವ
ಸೋನಿಯ ಉತ್ತರ ಸ್ಟ್ರೀಮಿಂಗ್. ಅವರ ಚಂದಾ ಸೇವೆ ಪಿಎಸ್ ಪ್ಲಸ್‌ನ ಪ್ರೀಮಿಯಮ್ ದರ್ಜೆ ತೆಗೊಂಡವರಿಗೆ ಪಿಎಸ್3 ಆಟ ಸರ್ವರಿನಲ್ಲಿ ಓಡಿ ಟಿವಿಗೆ ಬರ್ತದೆ. ಭಾರತಕ್ಕೆ 2022ರಲ್ಲಿ ಕೊಟ್ಟದ್ದು ಪ್ರೀಮಿಯಮ್ ಅಲ್ಲ, ಡೀಲಕ್ಸ್. ಅದರಲ್ಲಿ ಸ್ಟ್ರೀಮಿಂಗ್ ಇಲ್ಲ, ಅಂದ್ರೆ ಪಿಎಸ್3 ಇಲ್ಲ. ಹಳೇ ಹೆಸರು ಮಾರ್ಲಿಕ್ಕೆ ನಾವು ಬೇಕು, ಹಳೇ ಆಟ ಕೊಡ್ಲಿಕ್ಕೆ ಬೇಡ.

ಅಕ್ಕಲಕೋಟ_ಪ್ಲೇಯರ್
ಈ ಮಾತು ಖರೇ ಅದ. ಇದಕ್ಕ ನನ್ನ ಕಡೆ ಉತ್ತರ ಇಲ್ರಿ. ಆದ್ರ ‘ಆಸ್ಟ್ರೋ ಬಾಟ್’ ಬಿಡಬ್ಯಾಡ್ರಿ. 2024ರಾಗ ಗೇಮ್ ಆಫ್ ದಿ ಇಯರ್ ಆತು. ಅದು ಹೊಸಾದೇ.

ಕುಂಬಳೆ_ಡಿಸ್ಕ್
ಆಟ ಚಿನ್ನ, ಎರಡು ಮಾತಿಲ್ಲ. ಆದ್ರೆ ಅದರೊಳಗೆ ಹುಡುಕಿ ತರುವ ಬಾಟ್‌ಗಳು ಯಾರು? ಹಳೇ ಆಟಗಳ ಪಾತ್ರಗಳು. ಅವುಗಳಲ್ಲಿ ಎಷ್ಟೋ ಮಾಡಿದ್ದು ಜಪಾನ್ ಸ್ಟುಡಿಯೋ. ಅದನ್ನು 2021ರಲ್ಲಿ ಸೋನಿಯೇ ಮುಚ್ಚಿತು, ಆಟ ಮಾಡುವ ತಂಡಗಳಲ್ಲಿ ಉಳಿಸಿಕೊಂಡದ್ದು ಆಸ್ಟ್ರೋ ತಂಡವನ್ನು ಮಾತ್ರ. ಮನೆ ಕೆಡವಿ ಫೋಟೋಗೆ ಹಾರ ಹಾಕಿದ್ರು.

ಪೆರ್ಲ_ರಾತ್ರಿಪಾಳಿ
ಹಾಗಾದ್ರೆ ಸೆಕೆಂಡ್ ಹ್ಯಾಂಡ್ ಪಿಎಸ್3 ತೆಗೊಳ್ಳುದೇ ದಾರಿಯಾ? ನೋಡುದು ಹೇಗೆ?

ಉಪ್ಪಳ_ಸೋಲ್ಡರ್
ಮೊದಲು ಬಂದ ದಪ್ಪ ಮಾದರಿ ಆದ್ರೆ ಹಿಂದಿನ ಸ್ವಿಚ್ ಆಫ್ ಮಾಡಿ, ಇಜೆಕ್ಟ್ ಗುಂಡಿ ಒತ್ತಿ ಹಿಡ್ಕೊಂಡೇ ಸ್ವಿಚ್ ಆನ್ ಮಾಡಿ. ಫ್ಯಾನ್ ಮೆಲ್ಲ ಏರಿ ಪೂರ್ತಿ ವೇಗಕ್ಕೆ ಹೋಗ್ತದೆ. ಆಗ ಗರಗರ ಸದ್ದು ಬಂದ್ರೆ, ಅಥವಾ ಸ್ಪೀಡ್ ಏರದಿದ್ರೆ ಬಿಟ್ಟುಬಿಡಿ. ಮತ್ತೆ ಭಾರದ ಆಟ ಹಾಕಿ ಅರ್ಧ ಗಂಟೆ ಓಡಿಸಿ, ಬರೀ ಮೆನು ನೋಡಿ ಹಣ ಕೊಡ್ಬೇಡಿ. ಹಳದಿ ದೀಪ ಮಿನುಗಿ ಕೆಂಪು ಬಂದು ಸತ್ತದ್ದನ್ನು ಹೀಟ್ ಗನ್ ಹಿಡಿದು ಎಬ್ಬಿಸಿ ಮಾರುವವರು ಇದ್ದಾರೆ. ಕೆಟ್ಟದ್ದು ಕೆಪಾಸಿಟರ್ ಅಥವಾ ಗ್ರಾಫಿಕ್ಸ್ ಚಿಪ್. ಬಿಸಿ ಮಾಡಿದ್ರೆ ನಾಲ್ಕು ದಿನ ನಡೆದು ಪುನಃ ಅದೇ. ಆಮೇಲೆ ಬಂದ ತೆಳು ಮಾದರಿ, ಸ್ಲಿಮ್, ಸಿಕ್ಕಿದ್ರೆ ಅದನ್ನೇ ತೆಗೊಳ್ಳಿ.

ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪಿನ 2.5 ಇಂಚಿನ ಸಾಟಾ, ನೀವೇ ಬದಲಿಸಬಹುದು. ಆದ್ರೆ ಒಂದು ಪಿಎಸ್3ರ ಹಾರ್ಡ್ ಡಿಸ್ಕ್ ಇನ್ನೊಂದಕ್ಕೆ ಹಾಕಿದ್ರೆ ಓದುದಿಲ್ಲ, ಫಾರ್ಮ್ಯಾಟ್ ಕೇಳ್ತದೆ. ಬ್ಯಾಕಪ್ ತೆಗೆಯುವ ಯುಎಸ್‌ಬಿ ಎಫ್‌ಎಟಿ32 ಫಾರ್ಮ್ಯಾಟಿನಲ್ಲೇ ಇರ್ಬೇಕು. ಸ್ಟೋರಿನಲ್ಲಿ 2021ರ ಅಕ್ಟೋಬರಿನಿಂದ ಪಿಎಸ್3ರಿಂದ ಕಾರ್ಡ್ ನಡೆಯುದಿಲ್ಲ. ಮೊದಲು ಬ್ರೌಸರಿನಲ್ಲಿ ವ್ಯಾಲೆಟ್‌ಗೆ ಹಣ ಹಾಕಿ, ಮತ್ತೆ ಪಿಎಸ್3ರಲ್ಲಿ ಕೊಳ್ಳಿ.

ಪೆರ್ಲ_ರಾತ್ರಿಪಾಳಿ
ಉಪಕಾರ. ಒಂದು ದಪ್ಪದ್ದು ಮಾರಾಟಕ್ಕುಂಟು, ‘ಪಿಎಸ್2 ಡಿಸ್ಕ್ ಸಹ ಓಡ್ತದೆ’ ಅಂತ ಜಾಸ್ತಿ ಕ್ರಯ ಹೇಳ್ತಿದ್ದಾರೆ. ಫೋಟೋದಲ್ಲಿ ಮುಂದೆ ಎರಡೇ ಯುಎಸ್‌ಬಿ ಕಾಣ್ತದೆ.

ಉಪ್ಪಳ_ಸೋಲ್ಡರ್
ಓಡುದಿಲ್ಲ. ಪಿಎಸ್2ರ ಚಿಪ್ ಇದ್ದ ಮಾದರಿಗಳಿಗೆಲ್ಲ ಮುಂದೆ ನಾಲ್ಕು ಯುಎಸ್‌ಬಿ. ಎರಡು ಇದ್ರೆ ಪಿಎಸ್1 ಡಿಸ್ಕ್ ಓಡ್ತದೆ, ಪಿಎಸ್2 ಇಲ್ಲ. ಆ ಕ್ರಯ ಕೊಡ್ಬೇಡಿ.