ವಲಸೆ ಬಂದವರಿಗೆ ಪ್ರವಾಸೋದ್ಯಮದ ತರಬೇತಿ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನ ಆಡುಗೋಡಿಯಲ್ಲಿ ನಮ್ಮದೊಂದು ಚಿಕ್ಕ ಮಹಿಳಾ ಸಂಘ ಇದೆ. ಸುತ್ತಮುತ್ತ ಯಾದಗಿರಿ, ರಾಯಚೂರು ಕಡೆಯವರು, ಒಡಿಶಾ, ಬಂಗಾಳದ ಹುಡುಗರು, ನೇಪಾಳದ ಒಂದೆರಡು ಕುಟುಂಬ ಇವೆ. ಹೋಟೆಲ್, ಗಾರೆ, ಹೌಸ್‌ಕೀಪಿಂಗ್ ಕೆಲಸದವರು. ವಯಸ್ಸಾದವರಿಗೆ, ವೀಲ್‌ಚೇರ್‌ನಲ್ಲಿ ಇರುವವರಿಗೆ ಊರು ತೋರಿಸುವ ಸ್ವಂತ ಕೆಲಸಕ್ಕೆ ಇವರನ್ನು ತಯಾರು ಮಾಡಬಹುದಾ? ಯುರೋಪಿನಲ್ಲಿ ವಲಸಿಗರೇ ಪ್ರವಾಸಿಗರನ್ನು ಸುತ್ತಾಡಿಸುತ್ತಾರಂತೆ. ಮೂರು ತಿಂಗಳ ಕೋರ್ಸ್ ಇಡೋಣ ಅಂತಿದ್ದೇವೆ.

ಉತ್ತರ (ಪ್ರವಾಸೋದ್ಯಮ ತರಬೇತುದಾರ): ಕೋರ್ಸ್ ಆಮೇಲೆ ಮೇಡಂ. ದುಡ್ಡು ಕೊಡುವ ಗಿರಾಕಿ ಯಾರು ಅಂತ ಮೊದಲು ನೋಡಿ. ಸರ್ಟಿಫಿಕೇಟ್ ತಗೊಂಡು ಮತ್ತೆ ಅದೇ ಹೋಟೆಲಿಗೆ ತಟ್ಟೆ ತೆಗೆಯಲು ಹೋದವರು ಬೇಕಾದಷ್ಟು ಜನ ಇದ್ದಾರೆ.

ನೀವು ಕೇಳಿದ್ದು ಇಟಲಿಯ ಟ್ಯೂರಿನ್‌ನಲ್ಲಿ ಶುರುವಾದ ಮಿಗ್ರಾಂಟೂರ್ ಅನ್ನುವ ಯೋಜನೆ ಇರಬೇಕು. ಅಲ್ಲಿ ವಲಸಿಗರು ತಾವು ಬದುಕುವ ಬೀದಿ, ಮಾರ್ಕೆಟ್ಟನ್ನೇ ತೋರಿಸುತ್ತಾರೆ. ಅಷ್ಟು ದೂರ ಯಾಕೆ? ದೆಹಲಿಯ ಪಹಾಡ್‌ಗಂಜ್‌ನಲ್ಲಿ ಸಲಾಂ ಬಾಲಕ್ ಟ್ರಸ್ಟ್ ಪ್ರವಾಸಿಗರನ್ನು ಬೀದಿ ಸುತ್ತಿಸುವ ನಡಿಗೆ ಇದೆ. ಹಿಂದೆ ಬೀದಿಯಲ್ಲಿದ್ದ ಹುಡುಗರೇ ಅಲ್ಲಿ ಗೈಡ್. ಇಬ್ಬರೂ ಮಾರಿದ್ದು ತಮಗೆ ಮೊದಲೇ ಗೊತ್ತಿದ್ದದ್ದನ್ನು.

ನಿಮ್ಮ ಹುಡುಗರಿಗೆ ಗೊತ್ತಿರುವುದು ಬಂಗಾಳಿ, ಒಡಿಯಾ. ನಿಮ್ಮ ಪಕ್ಕದಲ್ಲೇ ನಿಮ್ಹಾನ್ಸ್ ಆಸ್ಪತ್ರೆ ಇದೆ. ಪೂರ್ವ ಭಾರತದಿಂದ ಬೆಂಗಳೂರಿಗೆ ಚಿಕಿತ್ಸೆಗೆ ಬರುವವರು ಜಾಸ್ತಿ, ಅಲ್ವಾ? ಪರೀಕ್ಷೆ, ರಿಪೋರ್ಟ್ ಅಂತ ದಿನಗಟ್ಟಲೆ ಲಾಡ್ಜ್‌ನಲ್ಲಿ ಇರುತ್ತಾರೆ. ಜೊತೆಗೆ ಬಂದ ಅಜ್ಜಿಗೆ ಗೋಡೆ ನೋಡಿ ನೋಡಿ ಬೇಜಾರು. ಅವರ ಭಾಷೆ ಬಲ್ಲವನೊಬ್ಬ ಒಂದು ಸಂಜೆ ಲಾಲ್‌ಬಾಗ್ ತೋರಿಸಿ ಕರೆತಂದರೆ ದುಡ್ಡು ಕೊಡುತ್ತಾರೆ. ನಿಮ್ಮ ಗಿರಾಕಿ ಅವರೇ ಅಂತ ನನಗನ್ನಿಸುತ್ತದೆ.

ಮೊದಲು ಲಾಲ್‌ಬಾಗ್‌ನಲ್ಲಿ ಒಂದೇ ದಾರಿ ಸಾಕು. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆ ಇರಲಿ, ಕೆಂಪೇಗೌಡ ಗೋಪುರದ ಬಂಡೆ ಬೇಡ. ನೀವೇ ಖಾಲಿ ವೀಲ್‌ಚೇರ್ ತಳ್ಳಿಕೊಂಡು ಒಮ್ಮೆ ಹೋಗಿ ಬನ್ನಿ. ಶೌಚಾಲಯದ ಬಾಗಿಲಲ್ಲಿ ಗಾಡಿ ಹಿಡಿಸುತ್ತದಾ ನೋಡಿ. ರ‍್ಯಾಂಪ್ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾಗಿದ್ದರೆ ತಳ್ಳುವವರಿಗೂ ಕಷ್ಟ, ಕೂತವರಿಗೂ ಭಯ.

ಕಲಿಸಬೇಕಾದದ್ದೂ ಇಂಥವೇ. ಕಡಿದಾದ ಇಳಿಜಾರಲ್ಲಿ ವೀಲ್‌ಚೇರನ್ನು ಹಿಮ್ಮುಖವಾಗಿ ಇಳಿಸಬೇಕು. ಕಣ್ಣು ಕಾಣದವರ ಕೈ ಹಿಡಿದು ಎಳೆಯಬಾರದು, ನಮ್ಮ ಮೊಣಕೈ ಕೊಡಬೇಕು. ಮಾತು ವೀಲ್‌ಚೇರ್‌ನಲ್ಲಿ ಇರುವವರ ಜೊತೆ, ಅವರ ಮಗನ ಜೊತೆ ಅಲ್ಲ. ಕುರ್ಚಿಯಿಂದ ಆಟೋಗೆ ಕೂರಿಸುವುದನ್ನು ಮಾತ್ರ ಫಿಸಿಯೋಥೆರಪಿಸ್ಟ್ ಹತ್ತಿರವೇ ಕಲಿಸಿ. ಮೂರು ತಿಂಗಳು ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ಹೋಟೆಲಿನವರಿಗೆ ಮಧ್ಯಾಹ್ನದ ಊಟದ ರಶ್ ಮುಗಿದ ಮೇಲೆ ಬಿಡುವು, ಕ್ಲಾಸ್ ಆಗ ಇಡಿ.

ಸದಸ್ಯರೊಬ್ಬರು: ನಮ್ಮ ಹುಡುಗರಿಗೇ ಕೆಲಸ ಇಲ್ಲ. ಕನ್ನಡ ಬರದವರಿಗೆ ಇದೆಲ್ಲ ಯಾಕೆ?

ಉತ್ತರ: ಯಾದಗಿರಿಯವರು ನಮ್ಮವರಲ್ಲದೆ ಮತ್ಯಾರು ಸರ್? ಕನ್ನಡದ ಮಾತು ನಿಜ, ಅದು ಮೊದಲ ಪಾಠ ಆಗಲಿ. ಗೇಟಿನವರ ಜೊತೆ, ಆಟೋದವರ ಜೊತೆ ಮಾತಾಡಲು ಬರದಿದ್ದರೆ ಈ ಕೆಲಸ ಆಗುವುದಿಲ್ಲ. ಜೋಡಿ ಮಾಡಿ ಕಳಿಸಿ: ಯಾದಗಿರಿಯ ಹೆಣ್ಣುಮಗಳು, ಜೊತೆಗೊಬ್ಬ ಬಂಗಾಳದ ಹುಡುಗ. ಇಬ್ಬರಿಗೂ ಸಮ ಪಾಲು.

ಪ್ರಶ್ನೆ: ಗೈಡ್ ಲೈಸೆನ್ಸ್, ಸಾಲ, ಕಾಗದಪತ್ರ ಸರ್?

ಉತ್ತರ: ಜೊತೆಗಿದ್ದು ನೋಡಿಕೊಳ್ಳುವುದು ಬೇರೆ, ಗೈಡ್ ಕೆಲಸ ಬೇರೆ. ಟಿಪ್ಪು ಬೇಸಿಗೆ ಅರಮನೆಯಂಥ ಪುರಾತತ್ವ ಇಲಾಖೆಯ ಜಾಗದಲ್ಲಿ ಲೈಸೆನ್ಸ್ ಇಲ್ಲದೆ ಗೈಡ್ ಅಂತ ನಿಲ್ಲಬೇಡಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ. ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಸಣ್ಣ ವ್ಯಾಪಾರಕ್ಕೆ ಸಾಲ ಕೊಡಿಸುವ ಸರ್ಕಾರದ ಮುದ್ರಾ ಯೋಜನೆಯಲ್ಲಿ ಶಿಶು ಸಾಲ 50,000 ರೂಪಾಯಿವರೆಗೆ ಸಿಗುತ್ತದೆ. ಆದರೆ ಶುರುವಿನಲ್ಲೇ ಸಾಲ ಬೇಡ, ವೀಲ್‌ಚೇರ್ ಬಾಡಿಗೆಗೆ ತನ್ನಿ. ನೇಪಾಳದವರು ಭಾರತ-ನೇಪಾಳದ 1950ರ ಒಪ್ಪಂದದ ಪ್ರಕಾರ ಇಲ್ಲಿ ಇರಬಹುದು, ವ್ಯಾಪಾರವನ್ನೂ ಮಾಡಬಹುದು. ಮುದ್ರಾ ಮಾತ್ರ ಭಾರತದ ಪ್ರಜೆಗಳಿಗೆ. ಅವರನ್ನು ನಿಮ್ಮ ಸಂಘದ ಮೂಲಕ ಸೇರಿಸಿಕೊಳ್ಳಿ.

ಆಸ್ಪತ್ರೆ ಗೇಟಲ್ಲಿ ನಿಂತು ಗಿರಾಕಿ ಹಿಡಿಯಬೇಡಿ, ಲಾಡ್ಜ್‌ನವರ ಹತ್ತಿರ ನಂಬರ್ ಕೊಟ್ಟು ಬನ್ನಿ. ಬರುವವರು ರೋಗಿಯೇ ಆದರೆ, ಡಾಕ್ಟರ್ ಹೊರಗೆ ಹೋಗಬಹುದು ಅಂದಿದ್ದಾರಾ ಅಂತ ಕೇಳದೆ ಕರೆದುಕೊಂಡು ಹೋಗಬೇಡಿ.